ಅಮ್ಮ ಹೇಳಿದ್ದಳಂತೆ

ಫೆಬ್ರವರಿ ೧೨

ಗಿಣಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯೋಣವೆಂದರೆ ಈಗ ಈ ಮನೆಯಲ್ಲಿ 'ಎಲ್ಲರೂ' ಎಂದರೆ ನಾನೊಬ್ಬಳೇ. ನಾನು ಚೆನ್ನಾಗಿಲ್ಲ.

ಅಮ್ಮ ಹೋದ ಈ ಇಪ್ಪತ್ತೈದು ದಿನಗಳಲ್ಲಿ ನೀನು ಹದಿನಾಲ್ಕು ಸಲ ಫೋನ್ ಮಾಡಿದ್ದೀಯ. ಒಂದನ್ನೂ ನಾನು ಎತ್ತಲಿಲ್ಲ. ಕೇಳಿಸದೆ ಅಲ್ಲ, ಬೇಕೆಂದೇ. ನಿನ್ನ ಆ ಕೆಲಸದ ದನಿ ನನಗೆ ಬೇಡ. ಹತ್ತಿಯಲ್ಲಿ ಸುತ್ತಿ ಕೊಟ್ಟ ಹಾಗಿರುವ ಆ ಮೆತ್ತನೆ ದನಿಯಲ್ಲಿ ನೀನು ಊರವರ ಹೆಣದ ಮುಂದೆಲ್ಲ ಮಾತಾಡುತ್ತೀಯ. ನನ್ನ ಹತ್ತಿರವೂ ಅದರಲ್ಲೇ ಮಾತಾಡಿದೆ. ಅದಕ್ಕೇ ಕಾಗದ. ಇದರಲ್ಲಿ ದನಿ ಬರುವುದಿಲ್ಲ.

ಆ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಮ್ಮನ ಉಸಿರು ನಿಂತಿತು. ನಾನು ಮೊದಲು ಮಾಡಿದ್ದು ನಿನಗೆ ಫೋನ್. "ಗಿಣಿ, ಅಮ್ಮ ಹೋದ್ಲು ಕಣೆ" ಎಂದೆ. ನೀನು ಏನು ಕೇಳಿದೆ, ನೆನಪಿದೆಯಾ? "ಎಷ್ಟು ಹೊತ್ತಿಗೆ?" ಎಂದು ಕೇಳಿದೆ. ಆಮೇಲೆ ಒಂದರ ಹಿಂದೆ ಒಂದು. ಫ್ಯಾನ್ ಆಫ್ ಮಾಡು. ಕಣ್ಣಿನ ರೆಪ್ಪೆ ಮುಚ್ಚು. ಒದ್ದೆ ಹತ್ತಿ ಇಡು. ತಲೆಯ ಕೆಳಗೆ ಇನ್ನೊಂದು ದಿಂಬು ಕೊಡು. ನಾನು ಅಳುವುದನ್ನು ಬಿಟ್ಟು ಹತ್ತಿ ಹುಡುಕಿದೆ. "ಅಕ್ಕ, ಅಮ್ಮ ಕಣ್ಣು ಕೊಡಬೇಕು ಅಂತ ನನಗೆ ಹೇಳಿದ್ಲು. ಅವಳ ಆಸೆ" ಎಂದೆ ನೀನು. ಎಂಟು ಗಂಟೆಗೆ ಇಬ್ಬರು ಪೆಟ್ಟಿಗೆ ಹಿಡಿದು ಬಂದರು. ಕಾಗದ ಚಾಚಿದರು. ಅಮ್ಮನ ಆಸೆ ಅಂದ ಮೇಲೆ ಇನ್ನೇನು? ಸಹಿ ಹಾಕಿದೆ. ಇಪ್ಪತ್ತು ನಿಮಿಷ ಬಾಗಿಲ ಹೊರಗೆ ನಿಂತಿದ್ದೆ.

ನಿಮ್ಮ ಸಂಸ್ಥೆಯವರು ಅಚ್ಚು ಹಾಕಿಸುವ ತಿಂಗಳ ಪತ್ರಿಕೆ ನಿನ್ನೆ ಅಂಚೆಯಲ್ಲಿ ಬಂತು. ಎರಡನೇ ಪುಟದಲ್ಲಿ ನಿನ್ನ ಫೋಟೋ. 'ಸ್ವಂತ ತಾಯಿಯ ಕಣ್ಣು ದಾನ ಮಾಡಿಸಿದ ನಮ್ಮ ಕೋಆರ್ಡಿನೇಟರ್.' ಕೊನೆಯ ಸಾಲಿನಲ್ಲಿ, 'ಮನೆಯವರ ಸಹಕಾರದಿಂದ.' ಆ ಮನೆಯವರು ನಾನು.

ಅವಳ ಬಲಗೈ ಬಲಗಾಲು ಏಳದೆ ಹೋದಾಗಿನಿಂದ ಒಂಬತ್ತು ವರ್ಷ ತಿನ್ನಿಸಿದವಳು, ತೊಳೆದವಳು, ಮಗ್ಗುಲು ಬದಲಿಸಿದವಳು ನಾನು. ಹೊಲಿಗೆ ಮಿಷನ್ನನ್ನು ಅಂಗಡಿಯಿಂದ ಅವಳ ಮಂಚದ ಪಕ್ಕಕ್ಕೆ ತಂದು ಹಾಕಿಕೊಂಡವಳು ನಾನು. ಅಷ್ಟೆಲ್ಲ ಇದ್ದೂ ತನ್ನ ಕಣ್ಣಿನ ವಿಷಯ ಅವಳು ನಿನಗೆ ಹೇಳಿದ್ದಾಳೆ. ಅವಳು ಬಾಯಿ ತೆರೆದರೆ ನನಗೆ ಕೇಳಿಸುವಷ್ಟು ಹತ್ತಿರ ನಾನಿದ್ದೆ. ನೀನು ಏಳು ಗಂಟೆ ಬಸ್ಸಿನ ದೂರ. ನೀನು ದೂರದ ಬೆಟ್ಟ, ನಾನು ಹಿತ್ತಲ ಗಿಡ. ಗಾದೆ ಮಾಡಿದವರು ನಮ್ಮನ್ನು ನೋಡಿಯೇ ಮಾಡಿರಬೇಕು.

ಉತ್ತರ ಬರೆಯುವುದಾದರೆ ಬರೆ.

ಅಕ್ಕ

ಫೆಬ್ರವರಿ ೨೧

ಅಕ್ಕನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಪತ್ರಿಕೆಯ ಆ ಸಾಲು ನಾನು ಬರೆದದ್ದಲ್ಲ. ಆದರೂ ಅಚ್ಚಿಗೆ ಹೋಗುವ ಮುಂಚೆ ನನಗೆ ತೋರಿಸಿದ್ದರು. 'ಅಕ್ಕ' ಎಂದು ತಿದ್ದಿಸಬಹುದಿತ್ತು. ತಿದ್ದಿಸಲಿಲ್ಲ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಿಲ್ಲ, ಅದಕ್ಕೆ ಹೇಳುತ್ತೇನೆ. ಮಹಡಿ ಮೇಲಿನ ಒಂದೇ ಕೋಣೆ, ನನ್ನ ಮನೆಯೂ ಅದೇ, ಆಫೀಸೂ ಅದೇ. ಮೇಜಿನ ಮೇಲೆ ಎರಡು ಫೋನು, ಒಂದು ಕಂಪ್ಯೂಟರ್, ಗೋಡೆಗೆ ದೊಡ್ಡ ಗಡಿಯಾರ. ಯಾರದೋ ದುಃಖದ ಮಧ್ಯೆ ಕುಕ್ಕರ್ ಕೂಗಬಾರದು ಎಂದು ಪಾಳಿ ಶುರುವಾಗುವ ಮೊದಲೇ ಅಡುಗೆ ಮುಗಿಸಿಬಿಡುತ್ತೇನೆ. ಆಸ್ಪತ್ರೆಗಳಿಂದ ಸುದ್ದಿ ಬರುತ್ತದೆ. ಇಂಥವರು ತೀರಿಕೊಂಡರು, ವಯಸ್ಸು ಇಷ್ಟು, ಹೊತ್ತು ಇಷ್ಟು. ಅವರ ಮನೆಯವರಿಗೆ ಫೋನ್ ಮಾಡಿ, ಕಣ್ಣು, ಚರ್ಮ, ಮೂಳೆ ಕೊಡುತ್ತೀರಾ ಎಂದು ಕೇಳಬೇಕು. ನಾನು ಅವರ ಮುಖ ನೋಡುವುದಿಲ್ಲ. ಒಪ್ಪಿದರೆ ಅಲ್ಲಿಗೆ ಜನ ಕಳಿಸುವುದು, ಗಾಡಿ ಕಳಿಸುವುದು, ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳುವುದು, ಎಲ್ಲ ಈ ಕುರ್ಚಿಯಿಂದಲೇ. ಒಪ್ಪದಿದ್ದರೆ ಕ್ಷಮಿಸಿ ಎಂದು ಇಡುವುದು. ಹತ್ತರಲ್ಲಿ ಏಳು ಸಲ ಇಡುವುದೇ.

ಮೊನ್ನೆ ಬೀಗ ರಿಪೇರಿ ಮಾಡುವವರೊಬ್ಬರ ಹೆಂಡತಿ ತೀರಿಕೊಂಡಿದ್ದರು. ಆತ ನಲವತ್ತು ನಿಮಿಷ ಆಕೆಯ ಬಗ್ಗೆಯೇ ಮಾತಾಡಿದರು. ಕೊನೆಗೆ ಹೇಳಿದರು, "ಕಣ್ಣು ಬೇಡಮ್ಮ. ಅವಳು ನನ್ನನ್ನ ಬೈತಾ ನೋಡ್ತಿದ್ದ ಕಣ್ಣು ಅದು, ಇನ್ಯಾರಿಗೂ ಕೊಡಲ್ಲ. ಚರ್ಮ ತಗೊಳ್ಳಿ. ಸುಟ್ಟುಕೊಂಡ ಮಕ್ಕಳಿಗೆ ಆಗುತ್ತಂತಲ್ಲ." 

ಆ ದನಿ ನಾಟಕದ್ದಲ್ಲ ಅಕ್ಕ. ದನಿ ಒಡೆಯದೆ ಮಾತಾಡುವುದಕ್ಕೆ ಅದೊಂದೇ ದಾರಿ.

ಅಮ್ಮ ನಿನಗೆ ಯಾಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಸಾವಿನ ಮಾತೆತ್ತಿದರೆ ನೀನು ಊಟ ಬಿಡುತ್ತೀಯ ಎಂದು ಇರಬಹುದು.

ನಿನ್ನ,
ಗಿಣಿ

ಮಾರ್ಚ್ ೪

ಗಿಣಿಗೆ,

ಬೀಗದವನಿಗೆ ನಲವತ್ತು ನಿಮಿಷ. ನನ್ನ ಫೋನಿನಲ್ಲಿ ಆ ದಿನದ ಲೆಕ್ಕ ಇನ್ನೂ ಇದೆ, ತೆಗೆದು ನೋಡಿದೆ. ನನಗೆ ನಾಲ್ಕು. ಅದರಲ್ಲಿ ಎರಡು ನಿಮಿಷ ದಿಂಬು, ಹತ್ತಿ, ಫ್ಯಾನಿಗೇ ಹೋಯಿತು.

ಅವನ ಹೆಂಡತಿ ಹೇಗೆ ಬೈಯುತ್ತಿದ್ದಳೆಂದು ನಿನಗೆ ಗೊತ್ತು. ನಮ್ಮ ಅಮ್ಮ ಕಡೆಯ ವಾರ ಯಾರಿಗೆ ಬೈದಳು, ಗೊತ್ತಾ? ಕೇಳಿದೆಯಾ? ಆ ದಿನ ಫೋನಿನಲ್ಲಿ ಅಮ್ಮನ ಕಾಯಿಲೆಯ ಬಗ್ಗೆ ಕೇಳಿದವನು ನಿನ್ನ ಜೊತೆ ಕೆಲಸ ಮಾಡುವ ಹುಡುಗ. ಸ್ವಂತ ಮನೆಯದನ್ನು ನೀನು ಬರೆದುಕೊಳ್ಳುವ ಹಾಗಿಲ್ಲ, ಅದಕ್ಕೆ ಅವನು ಎಂದೆ. ಸರಿ. ಜ್ವರ ಬಂದಿತ್ತಾ, ರಕ್ತ ಹಾಕಿಸಿದ್ದರಾ, ಬೆನ್ನಲ್ಲಿ ಹುಣ್ಣು ಇತ್ತಾ, ಯಾವ ಮಾತ್ರೆ, ಎಷ್ಟು ಹೊತ್ತಿಗೆ. ಅರ್ಧ ಗಂಟೆಗೂ ಮೇಲೆ. ಅಮ್ಮನ ಬಗ್ಗೆ ಅಷ್ಟು ಹೊತ್ತು ನನ್ನನ್ನು ಕೂರಿಸಿ ಕೇಳಿದವನು ಅವನೊಬ್ಬನೇ. ಮುಖ ಕಾಣದ ಆ ಹುಡುಗ ನಿನಗಿಂತ ಹತ್ತಿರದವನು ಅನ್ನಿಸಿಬಿಟ್ಟಿತು ಆ ಹೊತ್ತಿಗೆ.

ಇಲ್ಲಿ ಬಟ್ಟೆ ಕೊಡಲು ಬಂದವರೆಲ್ಲ ಮೊದಲು ಹೇಳುವ ಮಾತು, "ನಿಮ್ಮ ತಂಗಿ ಎಂಥಾ ಕೆಲಸ ಮಾಡಿಬಿಟ್ರು ರೀ!" ಆಮೇಲೆ ಪರದೆಯ ಅಳತೆ ಕೊಡುತ್ತಾರೆ. ನಾನು ಟೇಪು ಹಿಡಿದು ಹೂಂ ಹೂಂ ಎನ್ನುತ್ತೇನೆ.  ಮೊನ್ನೆ ಒಬ್ಬರ ಕಿಟಕಿ ಪರದೆಯನ್ನು ಒಂದು ಗೇಣು ಗಿಡ್ಡ ಹೊಲಿದುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಆ ಪರದೆಯ ಬಟ್ಟೆಗೆ ನೀನೇ ಹೊಣೆ, ತಿಳಿದಿರಲಿ.

ಈಗ ಒಂದು ಕೇಳುತ್ತೇನೆ. ಅಮ್ಮ ಯಾವ ದಿನ ಹೇಳಿದಳು? ಏನೆಂದು ಹೇಳಿದಳು? ಅವಳ ಬಾಯಲ್ಲಿ ಬಂದ ಮಾತು ಹೇಗಿತ್ತೋ ಹಾಗೇ ಬರೆ. ಅಷ್ಟಾದರೂ ನನಗೆ ಬರಲಿ.

ಅಕ್ಕ

ಮಾರ್ಚ್ ೨೨

ಅಕ್ಕನಿಗೆ,

ಕೆಲಸ ಜಾಸ್ತಿ ಇತ್ತು, ತಡವಾಯಿತು. ಯಾವ ದಿನ ಎಂದು ಸರಿಯಾಗಿ ನೆನಪಿಲ್ಲ. ಹೋದ ವರ್ಷದ ಕೊನೆಯಲ್ಲಿ, ಯಾವುದೋ ಭಾನುವಾರ ಫೋನಿನಲ್ಲಿ. "ನಾನು ಹೋದ ಮೇಲೆ ಕಣ್ಣು ಯಾರಿಗಾದರೂ ಆಗಲಿ" ಎಂಬ ಅರ್ಥದಲ್ಲಿ ಹೇಳಿದಳು. ಇನ್ನೂ ಅದನ್ನೇ ಕೆದಕಬೇಡ ಅಕ್ಕ. ನಿನ್ನ ಆರೋಗ್ಯ ನೋಡಿಕೋ. ಮಂಡಿ ನೋವು ಹೇಗಿದೆ?

ಗಿಣಿ

ಏಪ್ರಿಲ್ ೨

ಗಿಣಿಗೆ,

ಮಂಡಿ ಅಲ್ಲೇ ಇದೆ.

ನೀವು ಭಾನುವಾರ ಮಾತಾಡುವಾಗ ಅಮ್ಮನಿಗೆ ಕಿವಿ ಮಂದವೆಂದು ಫೋನನ್ನು ಜೋರಾಗಿಟ್ಟು ಮಂಚದ ಮೇಲಿಡುತ್ತಿದ್ದವಳು ನಾನು. ಮೂರಡಿ ಆಚೆ ನನ್ನ ಮಿಷನ್. ಕೇಳಬಾರದೆಂದರೂ ಕೇಳುತ್ತಿತ್ತು. ಅವಳು ನಿನಗೆ ಹೇಳುತ್ತಿದ್ದದ್ದು ಮೂರೇ ಮಾತು. ಊಟ ಆಯಿತಾ, ಯಾವಾಗ ಬರುತ್ತೀ, ಫೋನ್ ಇಡು ದುಡ್ಡು ದಂಡ. ಮಿಷನ್ ಸದ್ದಿನಲ್ಲಿ ಒಂದೆರಡು ಮಾತು ನನಗೆ ತಪ್ಪಿರಬಹುದು. ಅದಕ್ಕೇ ಕೇಳಿದ್ದು.

'ಎಂಬ ಅರ್ಥದಲ್ಲಿ' ಎಂದು ಬರೆದಿದ್ದೀಯ. ಅಮ್ಮ ಯಾವತ್ತು ಅರ್ಥದಲ್ಲಿ ಮಾತಾಡಿದ್ದಳು? ಅವಳದು ನೇರ ಬೈಗುಳ, ನೇರ ಮುದ್ದು.

ಬೈದಿದ್ದರೆ ಬೈದಳೆಂದೇ ಬರೆ. ನನ್ನ ಮೇಲೆ ದೂರು ಹೇಳಿ, ಆಮೇಲೆ ಇದನ್ನು ಹೇಳಿದ್ದರೂ ಬರೆ. ತಡೆದುಕೊಳ್ಳುತ್ತೇನೆ. ತಡೆದುಕೊಳ್ಳಲಾಗದೆ ಇರುವುದು ಈ ಗುಟ್ಟು.

ಅಕ್ಕ

ಮೇ ೧

ಅಕ್ಕ,

ಅಮ್ಮ ಹೇಳಿರಲಿಲ್ಲ.

ಯಾವ ಭಾನುವಾರವೂ ಇಲ್ಲ. ನಾನು ಸುಳ್ಳು ಹೇಳಿದೆ. ಈ ಸಾಲು ಬರೆಯಲು ಒಂದು ತಿಂಗಳು ಬೇಕಾಯಿತು.

ಆ ಬೆಳಿಗ್ಗೆ ನೀನು ಅತ್ತೆ. ನಾನು ಅಳುವ ಬದಲು ಗಡಿಯಾರ ನೋಡಿದೆ. ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ನಾನು ಬಂದು ಸೇರಲು ಏಳು ಗಂಟೆಯ ದಾರಿ. ನಾನು ಬಸ್ಸಿಳಿಯುವಷ್ಟರಲ್ಲಿ ನೀನು ಅವಳ ಮೈ ತೊಳೆದಿರುತ್ತೀಯ, ತಲೆ ಬಾಚಿರುತ್ತೀಯ, ಒಳ್ಳೆಯ ಬಟ್ಟೆ ಉಡಿಸಿರುತ್ತೀಯ. ಬಂದವರೆಲ್ಲ ನಿನ್ನ ಕೈ ಹಿಡಿದು ಅಳುತ್ತಾರೆ. ನನಗೆ ಕುರ್ಚಿ ಕೊಡುತ್ತಾರೆ, ನೆಂಟರಿಗೆ ಕೊಟ್ಟ ಹಾಗೆ. ಅಮ್ಮ ಬದುಕಿದ್ದಾಗ ಪೂರ್ತಿ ನಿನ್ನವಳಾಗಿದ್ದಳು. ಹೋದ ಮೇಲೂ ನಿನ್ನವಳೇ ಆಗುತ್ತಾಳೆ ಅನ್ನಿಸಿತು. ನನ್ನ ಕೈಯಿಂದ ಅವಳಿಗಾಗಿ ಆಗಬಹುದಾದದ್ದು ಒಂದೇ, ನನಗೆ ಗೊತ್ತಿರುವ ಈ ಕೆಲಸ. ನಿನ್ನನ್ನು ಕೇಳಿದರೆ ಬೇಡ ಎನ್ನುತ್ತೀಯ ಎಂದು ಗೊತ್ತಿತ್ತು. ಅದಕ್ಕೆ ಕೇಳಲಿಲ್ಲ. 'ಅವಳ ಆಸೆ' ಎಂದುಬಿಟ್ಟೆ.

ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನೇ ಪಾಠ ಹೇಳಿಕೊಡುತ್ತೇನೆ. ಸತ್ತವರ ಬಾಯಿಗೆ ನಿಮ್ಮ ಮಾತು ತುರುಕಬೇಡಿ, ಎಷ್ಟೇ ಒಳ್ಳೆಯ ಮಾತಾದರೂ. ಮೊದಲ ದಿನದ ಮೊದಲ ಪಾಠ ಅದು.

ಇನ್ನೊಂದೂ ಇದೆ. ಆ ಹುಡುಗ ನಿನ್ನನ್ನು ಪ್ರಶ್ನೆ ಕೇಳಿದ್ದು ರೆಕಾರ್ಡ್ ಆಗಿದೆ. ನಾನು ಅದನ್ನು ಕೇಳಬಾರದು. ಕೇಳಿದೆ. ಎಡಗಾಲಿನ ಹೆಬ್ಬೆರಳಿನ ಉಗುರು ಯಾವ ತಿಂಗಳು ಬಿದ್ದಿತ್ತು, ಯಾವ ಮಾತ್ರೆ ಅವಳಿಗೆ ಕಹಿ, ಮಗ್ಗುಲು ಬದಲಿಸಿದಾಗ ಯಾವ ಕಡೆ ಮುಖ ಕಿವುಚುತ್ತಿದ್ದಳು, ಎಲ್ಲವನ್ನೂ ನೀನು ತಡವರಿಸದೆ ಹೇಳಿದೆ. ಸಾವಿರಾರು ಮನೆಗಳ ಉತ್ತರ ಕೇಳಿದ್ದೇನೆ ಅಕ್ಕ. ಯಾರೂ ಹಾಗೆ ಹೇಳಿದ್ದಿಲ್ಲ. ಅದೇ ಪ್ರಶ್ನೆಗಳನ್ನು ನನಗೆ ಕೇಳಿದ್ದರೆ ಎಲ್ಲದಕ್ಕೂ 'ಗೊತ್ತಿಲ್ಲ' ಎಂದೇ ಬರೆಯಬೇಕಿತ್ತು. ನೀನು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತೀಯ. ನನ್ನದು ಎಷ್ಟು ವರ್ಷದ್ದು, ನಿನಗೆ ಗೊತ್ತಿಲ್ಲ.

ನಿನ್ನೆ ನಮ್ಮ ಮೇಲ್ವಿಚಾರಕಿಗೆ ಎರಡನ್ನೂ ಹೇಳಿದೆ. ಅವರು ನಿನಗೆ ಫೋನ್ ಮಾಡಬಹುದು. ನಿಜ ಏನನ್ನಿಸುತ್ತದೋ ಅದನ್ನೇ ಹೇಳು. ನನ್ನ ಕೆಲಸ ಹೋದರೆ ಹೋಗಲಿ.

ಗಿಣಿ

ಜುಲೈ ೯

ಗಿಣಿ,

ಎರಡು ತಿಂಗಳು ಬರೆಯಲಿಲ್ಲ. ಸಿಟ್ಟಿನಿಂದ ಎಂದುಕೊಂಡಿದ್ದೀಯ. ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ಏನು ಅಂತ ಹೇಳಲು ನಾಚಿಕೆಯಾಗಿ ಬರೆಯಲಿಲ್ಲ.

'ಅಮ್ಮ ಹೇಳಿರಲಿಲ್ಲ' ಎಂದು ಓದಿದ ತಕ್ಷಣ ನನಗೆ ಖುಷಿಯಾಯಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಓದಿದೆ. ಮತ್ತೆ ಖುಷಿ. ನಿನಗೂ ಹೇಳಲಿಲ್ಲ! ಅವಳು ನನ್ನ ಬೆನ್ನ ಹಿಂದೆ ಯಾವ ಗುಟ್ಟನ್ನೂ ನಿನಗೆ ಕೊಟ್ಟಿರಲಿಲ್ಲ. ಅಮ್ಮನ ಕಣ್ಣನ್ನು ಸುಳ್ಳು ಹೇಳಿ ತೆಗೆಸಿದ್ದಾಳೆ ಎಂಬ ಮಾತು ತಲೆಗೆ ಹತ್ತಿದ್ದು ಸಂಜೆಗೆ. ಯೋಚನೆ ಮಾಡು, ಎಂಥವಳು ನಾನು. ಆಮೇಲೆ ಬಂದ ಸಿಟ್ಟೂ ಸಣ್ಣದಲ್ಲ. ಎರಡು ವಾರ ನಿನ್ನ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದೆ.

ನಿಮ್ಮ ಮೇಲ್ವಿಚಾರಕಿ ಜೂನ್ ಕೊನೆಯಲ್ಲಿ ಫೋನ್ ಮಾಡಿದರು. ಅವರಿಗೆ ನೆಗಡಿಯಾಗಿತ್ತು, ಅದಕ್ಕೋ ಏನೋ ದನಿ ಒರಟಾಗಿತ್ತು. ನನಗೆ ಹಿಡಿಸಿತು. ಸುತ್ತಿ ಬಳಸಲಿಲ್ಲ.

"ಅಮ್ಮನ ಆಸೆ ಅಂತ ಹೇಳದೆ, ಸುಮ್ನೆ ಕೇಳಿದ್ರೆ ನೀವು ಒಪ್ತಿದ್ರಾ?"

"ಒಪ್ತಿರಲಿಲ್ಲ" ಎಂದೆ.

ಆ ಕಡೆ ಏನೋ ಬರೆದುಕೊಳ್ಳುವ ಸದ್ದು. ಅಷ್ಟಕ್ಕೇ ನಿಲ್ಲಿಸಿದ್ದರೆ ನಿನ್ನ ಕಥೆ ಮುಗಿಯುತ್ತಿತ್ತು ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಒಂದು ಗಳಿಗೆ ಸುಮ್ಮನಿದ್ದೆ. ಅದನ್ನೂ ಹೇಳಿಬಿಡುತ್ತೇನೆ. ಆ ಒಂದು ಗಳಿಗೆ ಸಿಹಿಯಾಗಿತ್ತು.

ಆಮೇಲೆ ಹೇಳಿದೆ, "ನೋಡಿ, ಆ ದಿನ ಯಾರು ಏನು ಕೇಳಿದ್ರೂ ನಾನು ಕೊಡ್ತಿರಲಿಲ್ಲ. ಅಮ್ಮನ ಹಳೇ ಚಪ್ಪಲಿ ಕೇಳಿದ್ರೂ ಇಲ್ಲ ಅಂತಿದ್ದೆ. ಇವತ್ತು ಕೇಳಿದ್ರೆ ಕಣ್ಣು ಕೊಡ್ತೀನಿ. ಆದ್ರೆ ಇವತ್ತು ಕೊಡೋಕೆ ಆಗ್ತಿರಲಿಲ್ವಲ್ಲ. ಅದಕ್ಕೆ, ಆಗಿದ್ದು ಆಯ್ತು ಅಂತೀನಿ. ಹಂಗಂತ ಅವಳು ಮಾಡಿದ್ದು ಸರಿ ಅಂತಲ್ಲ. ಸುಳ್ಳು ಸುಳ್ಳೇ. ಎರಡನ್ನೂ ಬರ್ಕೊಳ್ಳಿ."

"ದೂರು ಕೊಡೋ ಹಕ್ಕು ನಿಮಗಿದೆ ಅಮ್ಮ."

"ಅಕ್ಕ ತಂಗಿ ಮೇಲೆ ಕೊಡೋ ದೂರು ಹಿಡಿಸೋವಷ್ಟು ದೊಡ್ಡ ಫಾರಂ ನಿಮ್ಮ ಹತ್ರ ಇರಲ್ಲ ಬಿಡಿ" ಎಂದೆ. ಪಾಪ, ನಕ್ಕು ಕೆಮ್ಮು ಹತ್ತಿಸಿಕೊಂಡರು.

ನಾನು ಕೇಳಿದ್ದಕ್ಕೆ ಕಣ್ಣು ಯಾರಿಗೆ ಹೋಯಿತೆಂದೂ ಹೇಳಿದರು. ಹೆಸರು ಹೇಳುವ ಹಾಗಿಲ್ಲವಂತೆ. ಐವತ್ತು ದಾಟಿದ ಒಬ್ಬ ಗಂಡಸು, ಹತ್ತೊಂಬತ್ತರ ಒಬ್ಬ ಹುಡುಗಿ. ಆ ಹುಡುಗಿಯ ಮೇಲೂ ನನಗೆ ಹೊಟ್ಟೆ ಉರಿಯಿತು ಎಂದರೆ ನೀನು ನಗುತ್ತೀಯ. ನಾಲ್ಕು ದಿನ ಉರಿಯಿತು. ಐದನೇ ದಿನ ಅವಳು ಏನು ಓದುತ್ತಿರಬಹುದು ಎಂದು ಯೋಚಿಸುತ್ತಾ ಕೂತಿದ್ದೆ.

ನಿನ್ನ ಕಾಗದದಲ್ಲಿ ಒಂದು ಸಾಲು ಇದೆಯಲ್ಲ, ಎಲ್ಲದಕ್ಕೂ 'ಗೊತ್ತಿಲ್ಲ' ಎಂದು ಬರೆಯಬೇಕಿತ್ತು ಅಂತ. ಅದನ್ನು ಓದಿ ನನಗೆ ಖುಷಿಯಾಗಲಿಲ್ಲ. ಆಗುತ್ತದೆ ಎಂದುಕೊಂಡಿದ್ದೆ.

ಹಾಗಾಗಿ ಒಂದು ಒಪ್ಪಂದ. ನೀನು ಪ್ರಶ್ನೆ ಕೇಳು, ನಾನು ಉತ್ತರ ಬರೆಯುತ್ತೇನೆ. ಒಂದು ಕಾಗದಕ್ಕೆ ಒಂದೇ ಪ್ರಶ್ನೆ. ಎಲ್ಲವನ್ನೂ ಒಟ್ಟಿಗೆ ನಿನ್ನ ಮಡಿಲಿಗೆ ಸುರಿಯುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ. ಬರುವ ಹಾಗೂ ಕಾಣುವುದಿಲ್ಲ.

ಅಕ್ಕ

ಜುಲೈ ೨೪

ಅಕ್ಕ,

ಕೆಲಸ ಉಳಿಯಿತು. ಆದರೆ ವರ್ಷ ಮುಗಿಯುವವರೆಗೆ ನಾನು ಮನೆಯವರ ಜೊತೆ ಮಾತಾಡುವ ಹಾಗಿಲ್ಲ. ಗಾಡಿ, ಐಸು, ಪೆಟ್ಟಿಗೆ, ಯಾವ ಆಸ್ಪತ್ರೆಗೆ ಯಾರು ಹೋದರು, ಇಷ್ಟೇ ನನ್ನ ಪಾಲು. ಹೊಸಬರಿಗೆ ಪಾಠ ಹೇಳುವುದೂ ನಿಂತಿತು. ಮೇಲ್ವಿಚಾರಕಿ ನಿನ್ನ ಮಾತನ್ನು ಒಂದಕ್ಷರ ಬಿಡದೆ ಓದಿ ಹೇಳಿದರು, ಚಪ್ಪಲಿಯ ಮಾತನ್ನೂ. 

ಮೊದಲ ಪ್ರಶ್ನೆ ಯಾವುದಿರಲಿ ಎಂದು ಹತ್ತು ದಿನ ಯೋಚಿಸಿದೆ. ಪಟ್ಟಿ ಮಾಡಿ ಹರಿದು ಹಾಕಿದೆ. ಇದನ್ನು ಕೇಳುತ್ತೇನೆ.

ಭಾನುವಾರ ನಾನು ಫೋನ್ ಇಟ್ಟ ಮೇಲೆ ಅಮ್ಮ ಏನು ಮಾಡುತ್ತಿದ್ದಳು?

ನಿನ್ನ,
ಗಿಣಿ

ಆಗಸ್ಟ್ ೫

ಗಿಣಿ,

ಬೇರೆ ಏನಾದರೂ ಕೇಳಬಾರದಿತ್ತಾ?

ನೀನು ಇಟ್ಟ ಮೇಲೆ ಅವಳು ಫೋನನ್ನು ಎಡಗೈಯಲ್ಲಿ ಎತ್ತಿ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಮಾತಾಡಿ ಮಾತಾಡಿ ಬೆಚ್ಚಗಾಗಿರುತ್ತಿತ್ತಲ್ಲ, ಅದು ತಣ್ಣಗಾಗುವವರೆಗೆ ಹಾಗೇ ಮಲಗಿರುತ್ತಿದ್ದಳು. ಹತ್ತು ನಿಮಿಷ, ಕೆಲವು ಸಲ ಹದಿನೈದು. "ಕೊಡಮ್ಮ, ಚಾರ್ಜಿಗೆ ಹಾಕ್ತೀನಿ" ಎಂದು ಕೈ ಚಾಚಿದರೆ ಕೊಡುತ್ತಿರಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ. ವಾರದಲ್ಲಿ ಆರು ದಿನ, ಇಪ್ಪತ್ತಮೂರು ಮುಕ್ಕಾಲು ಗಂಟೆ ಅವಳು ನನ್ನ ಅಮ್ಮ. ಆ ಕಾಲು ಗಂಟೆ ಅವಳ ಪಾಲಿಗೆ ನಾನು ಆ ಕೋಣೆಯಲ್ಲಿ ಇರಲೇ ಇಲ್ಲ. ಅದನ್ನು ನೋಡಲಾರದೆ, ಹೊಲಿಯಲು ಏನೂ ಇಲ್ಲದಿದ್ದರೂ ಬರೀ ಚಿಂದಿ ಬಟ್ಟೆ ಇಟ್ಟು ಮಿಷನ್ ತುಳಿಯುತ್ತಿದ್ದೆ.

ಇದನ್ನು ನಿನಗೆ ಯಾವತ್ತೂ ಹೇಳಬಾರದು ಎಂದುಕೊಂಡಿದ್ದೆ. ಕೇಳಿದೆ. ತಗೋ.

ಅಕ್ಕ